ಮಿಲಾನ್ ಅಲ್ಲ, ಮೈಲನ್: 58 ಡಾಲರ್‌ನ ಹಳೇ ಸ್ಕೂಲ್ ಪುಸ್ತಕ

ನಮಸ್ಕಾರ ಎಲ್ಲರಿಗೂ. ಕ್ಯಾಮೆರಾ ಅಲ್ಲಾಡುತ್ತಿದೆ, ಬೈಯಬೇಡಿ. ಹಿಡಿದಿರುವವರು ನಮ್ಮನೆಯವರು, ಅವರ ಇನ್ನೊಂದು ಕೈಯಲ್ಲಿ ಕಾಫಿ ಇದೆ. ಸಿನ್ಸಿನಾಟಿಯಿಂದ ಸುಮಾರು ಒಂದು ಗಂಟೆ ಡ್ರೈವ್ ಮಾಡಿ ಇಂಡಿಯಾನಾದ ಈ ಊರಿಗೆ ಬಂದಿದ್ದೇವೆ. ಇಟಲಿಯ ಮಿಲಾನ್ ಇದೆಯಲ್ಲ, ಅದೇ ಸ್ಪೆಲಿಂಗ್. ಆದರೆ ಇಲ್ಲಿಯವರು ಕರೆಯುವುದು ಮೈಲನ್ ಅಂತ. ಊರು ಎಷ್ಟು ಚಿಕ್ಕದು ಅಂದರೆ, ನಾನು ಇಷ್ಟು ಹೇಳುವಷ್ಟರಲ್ಲಿ ಅರ್ಧ ಮುಗಿದೇ ಹೋಯಿತು.

ಬಂದಿರುವುದು ಬಾಸ್ಕೆಟ್‌ಬಾಲ್ ಕಥೆಗೆ. 1954ರ ಮಾರ್ಚ್ 20. ಆಗ ಇಂಡಿಯಾನಾದ ಹೈಸ್ಕೂಲುಗಳಲ್ಲಿ ದೊಡ್ಡ ಸ್ಕೂಲಿಗೊಂದು, ಚಿಕ್ಕ ಸ್ಕೂಲಿಗೊಂದು ಅಂತ ಟೂರ್ನಿ ಇರಲಿಲ್ಲ. ಎಲ್ಲರಿಗೂ ಒಂದೇ. ಮೈಲನ್ ಹೈಸ್ಕೂಲಿನಲ್ಲಿ ಇದ್ದದ್ದೇ 161 ಮಕ್ಕಳು. ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಫೈನಲ್‌ನಲ್ಲಿ ಎದುರಿಗೆ ಬಂದದ್ದು ಮನ್ಸಿ ಸೆಂಟ್ರಲ್, ಹತ್ತು ಪಟ್ಟು ದೊಡ್ಡ ಸ್ಕೂಲ್. ಮೈಲನ್ ತಂಡದ ಹೆಸರು ಇಂಡಿಯನ್ಸ್. ಖುಷಿಪಡಬೇಡಿ, ನಾವಲ್ಲ.

ಕೊನೆಯ ಕ್ವಾರ್ಟರ್. ಮೈಲನ್‌ನವರು ಎರಡು ಪಾಯಿಂಟ್ ಹಿಂದೆ ಇದ್ದಾರೆ. ಬಾಬಿ ಪ್ಲಂಪ್ ಅನ್ನುವ ಹುಡುಗ ಚೆಂಡು ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟ. ನಾಲ್ಕು ನಿಮಿಷಕ್ಕೂ ಜಾಸ್ತಿ! ಆಗ ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕು ಅನ್ನುವ ನಿಯಮ ಇರಲಿಲ್ಲ. ದ್ರಾವಿಡ್ ಒಂದು ಸೆಷನ್ ಪೂರ್ತಿ ಬ್ಲಾಕ್ ಮಾಡಿದ ಹಾಗೆ ಅಂದುಕೊಳ್ಳಿ. ಆಮೇಲೆ 30-30 ಆಯಿತು, ಕೊನೆಯ ಸೆಕೆಂಡುಗಳಲ್ಲಿ ಅದೇ ಹುಡುಗ ಎಸೆದ, ಬಿತ್ತು. 32-30. ಇಂಡಿಯಾನಾಪೊಲಿಸ್‌ನಲ್ಲಿ ಮೆರವಣಿಗೆ, ಮಾರನೇ ದಿನ ಈ ಪುಟ್ಟ ಊರಿಗೆ ಜನಸಾಗರ. ಕೋಚ್ ಮಾರ್ವಿನ್ ವುಡ್‌ಗೆ ಆಗ ಬರೀ 26 ವರ್ಷ.

ಇಲ್ಲಿವರೆಗೆ ನನಗೂ ಮೈ ಜುಮ್ಮೆಂದಿತ್ತು. ಆಮೇಲೆ ಇನ್ನೊಂದು ಸ್ಕೂಲಿನ ಕಥೆ ಓದಿದೆ. ಕ್ರಿಸ್ಪಸ್ ಅಟಕ್ಸ್. ಇಂಡಿಯಾನಾಪೊಲಿಸ್‌ನಲ್ಲಿ 1927ರಲ್ಲಿ ಕಪ್ಪು ಮಕ್ಕಳನ್ನು ಬೇರೆ ಇಡುವುದಕ್ಕೇ ತೆರೆದ ಹೈಸ್ಕೂಲ್. 1954ರಲ್ಲಿ ಫೈನಲ್‌ಗೆ ಮುಂಚೆ ಮೈಲನ್ ಸೋಲಿಸಿದ್ದು ಇವರನ್ನೇ. ಮುಂದಿನ ವರ್ಷ ಅದೇ ತಂಡ ಕಪ್ ಗೆದ್ದಿತು, ಆಮೇಲೆ ಬಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಹೆಸರಾದ ಆಸ್ಕರ್ ರಾಬರ್ಟ್‌ಸನ್ ಅದರಲ್ಲಿದ್ದ. ಗೆದ್ದವರನ್ನು ಪೇಟೆಯ ನಡುವಿನ ಸರ್ಕಲ್‌ನಲ್ಲಿ ಒಂದು ಸುತ್ತು ಹಾಕಿಸಿ, ಕುಣಿಯುವುದಿದ್ದರೆ ನಿಮ್ಮ ಕಡೆಯ ಪಾರ್ಕಿನಲ್ಲಿ ಕುಣಿಯಿರಿ ಅನ್ನುವ ಹಾಗೆ ಅಲ್ಲಿಗೆ ಕಳಿಸಿದರು. ಅದೇ ರಾಜ್ಯ, ಅದೇ ಕಪ್. ಹಾಗಾಗಿ "ಪಾಪ, ಚಿಕ್ಕ ಊರಿನ ಹುಡುಗರು" ಅಂತ ಬೆಳಿಗ್ಗೆ ಕಾರಿನಲ್ಲಿ ಹೇಳಿದ್ದನ್ನು ಅರ್ಧ ವಾಪಸ್ ತಗೊಳ್ಳುತ್ತೇನೆ. ಅರ್ಧ ಮಾತ್ರ. ಆಟ ಚೆನ್ನಾಗಿಯೇ ಆಡಿದ್ದಾರೆ.

ಸರಿ ಸರಿ, ಅಂಗಡಿ ಬಂತು.

ಇದು ವಾಪಸ್ ಬರುವಾಗ ಸಿಕ್ಕ ಹಳೇ ಸಾಮಾನಿನ ಅಂಗಡಿ. ಹೆಸರು ಹೇಳುವುದಿಲ್ಲ, ಕಾರಣ ಈಗ ಗೊತ್ತಾಗುತ್ತದೆ. ಆ ನೀಲಿ ರಟ್ಟಿನ ಪುಸ್ತಕ ನೋಡಿ. ಇಯರ್‌ಬುಕ್. ಪ್ರತಿ ವರ್ಷ ಸ್ಕೂಲಿನವರು ಎಲ್ಲ ಮಕ್ಕಳ ಫೋಟೋ ಹಾಕಿ ಅಚ್ಚು ಹಾಕಿಸುತ್ತಿದ್ದರು. ಇದು ಮೈಲನ್‌ದಲ್ಲ, ಬೇರೆ ಯಾವುದೋ ಊರಿನದು, 1950ರ ದಶಕದ್ದು. ಚೀಟಿಯಲ್ಲಿ 60 ಡಾಲರ್. ನಾಲ್ಕು ಪುಟ ಒಂದಕ್ಕೊಂದು ಅಂಟಿಕೊಂಡಿವೆ, ಬೆನ್ನು ಕಿತ್ತುಬಂದಿದೆ, ಇಲಿಯೊಂದು ಮೂಲೆಯಲ್ಲಿ ರುಚಿ ನೋಡಿದೆ. ನಾನು 40 ಅಂದೆ. ಅಂಗಡಿಯ ಅಜ್ಜ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, 55 ಅಂದರು. ಪುಟ ಅಂಟಿದೆಯಲ್ಲ ಅಂದೆ. ಅಂಟಿದ ಪುಟದಲ್ಲಿ ಏನಿದೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಅದಕ್ಕೇ ಬೆಲೆ ಅಂದರು! ಚಿಕ್ಕಪೇಟೆಯಲ್ಲಿ ಸೀರೆಗೆ ಚೌಕಾಸಿ ಮಾಡಿ ಬೆಳೆದವಳು ನಾನು, ಬಾಯಿ ಕಟ್ಟಿಹೋಯಿತು. ಎದ್ದು ಹೋಗುವ ನಾಟಕವನ್ನೂ ಮಾಡಿದೆ. ಬಾಗಿಲ ತನಕ ಹೋದೆ. ಯಾರೂ ಕರೆಯಲಿಲ್ಲ. ನಾನೇ ವಾಪಸ್ ಬಂದೆ. ಇದನ್ನು ನಮ್ಮನೆಯವರು ಪೂರ್ತಿ ಶೂಟ್ ಮಾಡಿದ್ದಾರೆ, ಥ್ಯಾಂಕ್ಸ್ ರೀ. 55 ಕೊಟ್ಟೆ, ಅದರ ಮೇಲೆ ಏಳು ಪರ್ಸೆಂಟ್ ಟ್ಯಾಕ್ಸ್. 58 ಡಾಲರ್ 85 ಸೆಂಟ್. ಇಷ್ಟು ಚೌಕಾಸಿ ಮಾಡಿಯೂ ಚೀಟಿಯ ಬೆಲೆಗಿಂತ ಕಮ್ಮಿ ಆದದ್ದು ಒಂದು ಡಾಲರ್ 15 ಸೆಂಟ್. ಅಮ್ಮ, ನೀನು ಈ ವಿಡಿಯೋ ನೋಡುತ್ತಿದ್ದರೆ ಇಲ್ಲಿಗೇ ನಿಲ್ಲಿಸು.

ಈಗ ಮನೆ. ಲೈಟು ಸರಿಯಿಲ್ಲ, ಅಡ್ಜಸ್ಟ್ ಮಾಡಿಕೊಳ್ಳಿ.

ಹುಡುಗಿಯರ ತಲೆಕೂದಲು ನೋಡಿ, ಎಲ್ಲರದ್ದೂ ಒಂದೇ ಸುರುಳಿ. ಹುಡುಗಿಯರಿಗೆ ಅಡುಗೆ-ಹೊಲಿಗೆ ಕ್ಲಾಸು, ಹುಡುಗರಿಗೆ ಮರಗೆಲಸ. ಇದು ಜಿಮ್‌ನಲ್ಲಿ ಡಾನ್ಸು, ಎಲ್ಲರೂ ಬರೀ ಕಾಲುಚೀಲದಲ್ಲಿದ್ದಾರೆ. ಶೂ ಹಾಕಿದರೆ ಮರದ ನೆಲ ಹಾಳಾಗುತ್ತದೆ ಅಂತ. ಬಾಗಿಲಲ್ಲಿ ಚಪ್ಪಲಿ ಬಿಡುವುದು ನಾವು ಮಾತ್ರ ಅಂದುಕೊಂಡಿದ್ದೆ. ಕೊನೆಯಲ್ಲಿ ಬ್ಯಾಂಕು, ದನದ ಮೇವಿನ ಅಂಗಡಿ, ಶವಪೆಟ್ಟಿಗೆಯವರು, ಎಲ್ಲರ ಜಾಹೀರಾತು. ಹದಿನೇಳು ವರ್ಷದ ಮಕ್ಕಳಿಗೆ ಶವಪೆಟ್ಟಿಗೆಯವರ ಶುಭಾಶಯ!

ರಟ್ಟಿನ ಒಳಗಡೆ ಗೆಳತಿಯರ ಕೈಬರಹ. ಟೂ ಗುಡ್ ಟು ಬಿ ಫರ್ಗಾಟನ್ ಅನ್ನುವುದನ್ನು 2, 4 ಅಂತ ಅಂಕಿ ಹಾಕಿ ಬರೆದಿದ್ದಾರೆ. ಮೊಬೈಲ್ ಬಂದು ಭಾಷೆ ಕೆಟ್ಟಿತು ಅನ್ನುವವರಿಗೆ ಇದನ್ನು ಕಳಿಸಿ. ನನ್ನ ಎಸ್ಸೆಸ್ಸೆಲ್ಸಿ ಆಟೋಗ್ರಾಫ್ ಪುಸ್ತಕದಲ್ಲೂ ಇಂಥವೇ ಇದ್ದವು, ಹಂಚಿನ ಮನೆಯ ಅಟ್ಟದಲ್ಲಿ ಮಳೆಗೆ ನೆನೆದು ಮುದ್ದೆಯಾಯಿತು. ಅದು ಬೇರೆ ಕಥೆ.

ಪುಸ್ತಕದ ಒಡತಿ ಬಾಸ್ಕೆಟ್‌ಬಾಲ್ ತಂಡದ ಫೋಟೋದಲ್ಲಿ ಇದ್ದಾಳೆ, ಮೂಲೆಯಲ್ಲಿ. ಸ್ಕೋರ್ ಬರೆಯುವವಳು. ಇಂಡಿಯಾನಾದಲ್ಲಿ ಹುಡುಗಿಯರಿಗೆ ಅಂತ ರಾಜ್ಯ ಮಟ್ಟದ ಟೂರ್ನಿ ಶುರುವಾದದ್ದು 1976ರಲ್ಲಿ. ಅಲ್ಲಿಯ ತನಕ ಚಪ್ಪಾಳೆ, ಇಲ್ಲ ಪೆನ್ಸಿಲ್. ನಿಜ ಹೇಳುತ್ತೇನೆ, ಬೆಳಿಗ್ಗೆಯಿಂದ ಹುಡುಗರ ಕಥೆ ಹೇಳುತ್ತಿದ್ದೇನೆ, ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ.

ಅಂಟಿದ ಪುಟ ಬಿಡಿಸುತ್ತಿದ್ದೇನೆ. ಇಸ್ತ್ರಿಪೆಟ್ಟಿಗೆಯ ಹಬೆ ಹಿಡಿದು, ಹೂವು ಕಟ್ಟುವ ದಾರ ಮಧ್ಯೆ ಎಳೆದರೆ... ಅಯ್ಯೋ, ಚೂರು ಹರಿಯಿತು. ಬಂತು, ಬಂತು. ಆ ವರ್ಷದ ಮ್ಯಾಚುಗಳ ಪಟ್ಟಿ. ಪ್ರತಿಯೊಂದರ ಮುಂದೆ ನೀಲಿ ಶಾಯಿಯಲ್ಲಿ ಸ್ಕೋರು. ಜಾಸ್ತಿ ಸೋತಿದ್ದಾರೆ ಪಾಪ.

ರೀ, ಕ್ಯಾಮೆರಾ ಹತ್ತಿರ ತನ್ನಿ. ಕೆಳಗೆ ಪೆನ್ಸಿಲ್‌ನಲ್ಲಿ ಏನೋ ಇದೆ. ಫ್ರೀ ಥ್ರೋ (ಯಾರೂ ಅಡ್ಡ ಬರದೆ ಬುಟ್ಟಿಗೆ ಎಸೆಯುವುದು), ಶನಿವಾರ, ಜಿಮ್ ಖಾಲಿ. ನಾನು: 20ಕ್ಕೆ 17.

ಬ್ಯಾಟರಿ ಕೆಂಪು ತೋರಿಸುತ್ತಿದೆ. ಇರಿ, ಈ ಪುಟ ಒಂದು ಸರಿಯಾಗಿ ತೆಗೆದುಬಿಡಿ.