ಚೆರ್ರಿ ಮರದ ಕಥೆ ಬಿಡಿ, ಓನಾ ಜಡ್ಜ್ ಕಥೆ ಹೇಳಿ

ನಮಸ್ಕಾರ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಾಲ್ಯ ಅಂದ ಕೂಡಲೇ ಮಕ್ಕಳಿಗೆ ಹೇಳೋದು ಒಂದೇ ಕಥೆ. ಆರು ವರ್ಷದ ಹುಡುಗ, ಕೈಗೆ ಹೊಸ ಕೊಡಲಿ ಸಿಕ್ಕಿದೆ, ಅಪ್ಪನ ಚೆರ್ರಿ ಗಿಡಕ್ಕೆ ಏಟು ಹಾಕಿದ. ಅಪ್ಪ ಕೇಳಿದಾಗ ಸುಳ್ಳು ಹೇಳಲಾರೆ ಅಂತ ಒಪ್ಪಿಕೊಂಡ.

ಇದು ನಡೆದದ್ದಕ್ಕೆ ಆಧಾರವೇ ಇಲ್ಲ. ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ. ಅವರ ಜೀವನಚರಿತ್ರೆ ಬರೆದು ಮಾರುತ್ತಿದ್ದ ವೀಮ್ಸ್ ಎಂಬ ಪಾದ್ರಿ 1806ರ ಆವೃತ್ತಿಯಲ್ಲಿ ಈ ಪ್ರಸಂಗ ಸೇರಿಸಿದ. ಸತ್ಯ ಹೇಳು ಅಂತ ಮಕ್ಕಳಿಗೆ ಕಲಿಸೋಕೆ ಕಟ್ಟುಕಥೆ ಹೇಳೋದು ನನಗಂತೂ ಒಪ್ಪಿಗೆಯಿಲ್ಲ. ಅದೇ ವಾಷಿಂಗ್ಟನ್ ಮನೆಯಲ್ಲಿ ನಡೆದ ನಿಜವಾದ ಕಥೆಯೊಂದು ನಮ್ಮ ಕೈಯಲ್ಲಿರುವಾಗ ಖಂಡಿತ ಒಪ್ಪಿಗೆಯಿಲ್ಲ.

ಆಕೆಯ ಹೆಸರು ಓನಾ ಜಡ್ಜ್. ಹುಟ್ಟಿದ್ದು 1773ರ ಆಸುಪಾಸಿನಲ್ಲಿ, ವರ್ಜೀನಿಯಾದ ಮೌಂಟ್ ವರ್ನನ್‌ನಲ್ಲಿ, ಅಂದರೆ ವಾಷಿಂಗ್ಟನ್ ಅವರ ಎಸ್ಟೇಟಿನಲ್ಲೇ. ತಾಯಿ ಬೆಟ್ಟಿ ಹೊಲಿಗೆ ಕೆಲಸದ ಗುಲಾಮಳು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಲ್ಲಿಯ ಕಾನೂನು ಹಾಗಿತ್ತು. ಓನಾಗೂ ಸೂಜಿ-ದಾರ ಒಲಿದು ಬಂತು. ಬೆಳೆದ ಮೇಲೆ ವಾಷಿಂಗ್ಟನ್ ಅವರ ಹೆಂಡತಿ ಮಾರ್ಥಾ ಅವರ ಖಾಸಾ ಸೇವೆಗೆ ನಿಂತಳು. ವಾಷಿಂಗ್ಟನ್ ಅಧ್ಯಕ್ಷರಾದಾಗ ಆಕೆಯನ್ನೂ ಮೊದಲು ನ್ಯೂಯಾರ್ಕಿಗೆ, ಆಮೇಲೆ ಫಿಲಡೆಲ್ಫಿಯಾಕ್ಕೆ ಕರೆದೊಯ್ದರು.

ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾದಲ್ಲಿ 1780ರಲ್ಲೇ ಒಂದು ಕಾನೂನು ಬಂದಿತ್ತು. ಹೊರಗಿನವರು ಕರೆತಂದ ಗುಲಾಮರು ಆರು ತಿಂಗಳು ಅಲ್ಲೇ ಉಳಿದರೆ ಬಿಡುಗಡೆ ಕೇಳಬಹುದು. ಅಧ್ಯಕ್ಷರು ಏನು ಮಾಡಿದರು? ಆರು ತಿಂಗಳು ತುಂಬುವ ಮೊದಲೇ ತಮ್ಮ ಗುಲಾಮರನ್ನು ರಾಜ್ಯದ ಗಡಿ ದಾಟಿಸಿ, ಮತ್ತೆ ಕರೆತರುವ ವ್ಯವಸ್ಥೆ ಮಾಡಿದರು. 1791ರ ಏಪ್ರಿಲ್‌ನಲ್ಲಿ ಕಾರ್ಯದರ್ಶಿ ಟೋಬಿಯಸ್ ಲಿಯರ್‌ಗೆ ಬರೆದ ಪತ್ರ ಇವತ್ತಿಗೂ ಇದೆ. ಗುಲಾಮರಿಗೂ ಗೊತ್ತಾಗಬಾರದು, ಸಾರ್ವಜನಿಕರಿಗೂ ಗೊತ್ತಾಗಬಾರದು, ಇಬ್ಬರ ಕಣ್ಣಿಗೂ ಮಣ್ಣೆರಚುವಂಥ ನೆಪ ಹುಡುಕಿ ಇದನ್ನು ಮುಗಿಸು ಅನ್ನೋದು ಅದರ ಸಾರಾಂಶ. ಸುಳ್ಳೇ ಹೇಳದ ಹುಡುಗ ಅಂತ ನಾವು ಕೊಂಡಾಡುವ ಆ ಮನುಷ್ಯನೇ ಬರೆದದ್ದು. ಮೊದಲ ಸಲ ಇದನ್ನು ಓದಿದಾಗ ನನಗೆ ತುಂಬ ಸಂಕಟವಾಯಿತು.

ತನ್ನನ್ನು ಮಾರ್ಥಾ ಅವರ ಮೊಮ್ಮಗಳಿಗೆ ಕೊಟ್ಟುಬಿಡುತ್ತಾರೆ ಅನ್ನೋದು ಓನಾ ಕಿವಿಗೆ ಬಿತ್ತು. ಎಲ್ಲರೂ ವರ್ಜೀನಿಯಾಕ್ಕೆ ಹೊರಡಲು ಗಂಟು ಕಟ್ಟುತ್ತಿದ್ದಾಗ ಆಕೆಯೂ ತನ್ನ ಗಂಟು ಕಟ್ಟಿದಳು. ಊರಿನ ಕಪ್ಪು ಜನರಲ್ಲಿ ಆಕೆಗೆ ಗೆಳೆಯರಿದ್ದರು. ಸಾಮಾನನ್ನು ಮೊದಲೇ ಅವರ ಮನೆಗೆ ಸಾಗಿಸಿದಳು. 1796ರ ಮೇ 21, ವಾಷಿಂಗ್ಟನ್ ದಂಪತಿ ಊಟಕ್ಕೆ ಕೂತಿದ್ದ ಹೊತ್ತಲ್ಲಿ ಮನೆಯಿಂದ ಹೊರಬಿದ್ದಳು. ಹಡಗು ಹತ್ತಿ ನ್ಯೂಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮೌತ್ ಸೇರಿದಳು. ಇತ್ತ ಪತ್ರಿಕೆಯಲ್ಲಿ ಹುಡುಕಿಕೊಟ್ಟವರಿಗೆ 10 ಡಾಲರ್ ಬಹುಮಾನ ಅಂತ ಜಾಹೀರಾತು ಬಂತು.

ಬಂದರಿನ ಸುಂಕದ ಅಧಿಕಾರಿಯ ಮೂಲಕ ವಾಷಿಂಗ್ಟನ್ ವಾಪಸ್ ಕರೆದಾಗ ಓನಾ ಒಂದು ಷರತ್ತು ಹಾಕಿದಳು: ನಿಮ್ಮ ಕಾಲಾನಂತರ ನನ್ನನ್ನು ಬಿಡುಗಡೆ ಮಾಡುತ್ತೇವೆ ಅಂತ ಮಾತು ಕೊಡಿ, ಬರುತ್ತೇನೆ. ದೇಶದ ಅಧ್ಯಕ್ಷರ ಜೊತೆ ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗಿಯೊಬ್ಬಳು ಚೌಕಾಸಿಗೆ ನಿಂತಿದ್ದಾಳೆ, ಯೋಚನೆ ಮಾಡಿ! ವಾಷಿಂಗ್ಟನ್ ಒಪ್ಪಲಿಲ್ಲ. 1799ರಲ್ಲಿ ಮಾರ್ಥಾ ಅವರ ಸಂಬಂಧಿಯೊಬ್ಬರು ಆಕೆಯನ್ನು ಕರೆದೊಯ್ಯಲು ಬಂದರು. ಆ ಊರಿನ ಸೆನೆಟರ್ ಲ್ಯಾಂಗ್ಡನ್ ಮನೆಯಿಂದ ಮುನ್ಸೂಚನೆ ಬಂದದ್ದರಿಂದ ಆಕೆ ತಪ್ಪಿಸಿಕೊಂಡಳು. ಅಷ್ಟು ಹೊತ್ತಿಗೆ ನಾವಿಕ ಜಾಕ್ ಸ್ಟೇನ್ಸ್‌ನನ್ನು ಮದುವೆಯಾಗಿದ್ದಳು. ಮುಂದಿನ ಬದುಕು ಬಡತನದ್ದೇ; ಗಂಡನನ್ನೂ ಮೂರು ಮಕ್ಕಳನ್ನೂ ಕಳೆದುಕೊಂಡಳು. ಆದರೆ ಓದಲು ಕಲಿತಳು. ಮುಪ್ಪಿನಲ್ಲಿ ಪತ್ರಿಕೆಯವರು ಬಂದು, ಆ ಮನೆ ಬಿಟ್ಟದ್ದಕ್ಕೆ ಬೇಸರವಿದೆಯೇ ಅಂತ ಕೇಳಿದರು. ಇಲ್ಲ, ನಾನು ಸ್ವತಂತ್ರಳು ಅಂದಳು.

ಇಂಥದ್ದನ್ನೆಲ್ಲ ಎಳೆಯರಿಗೆ ಹೇಳಬಾರದು, ಮಹಾಪುರುಷರ ಮೇಲಿನ ಗೌರವ ಹೋಗುತ್ತದೆ ಅನ್ನುವವರಿದ್ದಾರೆ. ಆ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ವಾಷಿಂಗ್ಟನ್ ದೊಡ್ಡತನ ಚೆರ್ರಿ ಮರದ ಮೇಲೆ ನಿಂತಿಲ್ಲ. ಸ್ವಾತಂತ್ರ್ಯ ಯುದ್ಧ ಗೆದ್ದ ಸೇನಾಪತಿ 1783ರಲ್ಲಿ ಅಧಿಕಾರವನ್ನು ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿಯ ಪ್ರತಿನಿಧಿ ಸಭೆಗೆ ಒಪ್ಪಿಸಿ ಊರಿಗೆ ಹೋದರು. ಎರಡು ಅವಧಿ ಮುಗಿಸಿ 1797ರಲ್ಲಿ ಮತ್ತೊಮ್ಮೆ ಕುರ್ಚಿ ಬಿಟ್ಟರು. ಇದು ದಾಖಲೆಯಲ್ಲಿರುವ ಸತ್ಯ, ಇದನ್ನು ಹೇಳಿ. ಜೊತೆಗೆ ಓನಾ ಕಥೆಯನ್ನೂ ಹೇಳಿ. ಹತ್ತು-ಹನ್ನೆರಡು ವರ್ಷದ ಮಗುವಿಗೆ ಅನ್ಯಾಯ ಅಂದರೇನು ಅನ್ನೋದು ನಮ್ಮಷ್ಟೇ ಚೆನ್ನಾಗಿ ಗೊತ್ತು.

ಹಾಗಾದರೆ ಅವರು ಒಳ್ಳೆಯವರೋ ಕೆಟ್ಟವರೋ ಅಂತ ಮಗು ಕೇಳಿಯೇ ಕೇಳುತ್ತದೆ. ಆಗ ಮಾತು ಮರೆಸಬೇಡಿ. ತಮ್ಮ ಹೆಸರಿನಲ್ಲಿದ್ದ 123 ಗುಲಾಮರ ಬಿಡುಗಡೆಗೆ ಅವರು ಉಯಿಲು ಬರೆದದ್ದನ್ನು ಹೇಳಿ. ಓನಾ ಮಾರ್ಥಾ ಅವರ ಮೊದಲ ಗಂಡನ ಆಸ್ತಿಯ ಲೆಕ್ಕಕ್ಕೆ ಸೇರಿದ್ದರಿಂದ ಆ ಬಿಡುಗಡೆ ಆಕೆಗೆ ಸಿಗಲಿಲ್ಲ, 1848ರಲ್ಲಿ ಸಾಯುವ ತನಕ ಕಾನೂನಿನ ಕಣ್ಣಿಗೆ ಆಕೆ ಓಡಿಹೋದ ಗುಲಾಮಳಾಗಿಯೇ ಉಳಿದಳು ಅನ್ನೋದನ್ನೂ ಹೇಳಿ. ಉತ್ತರ ಮಗುವೇ ಹುಡುಕಲಿ.