ಲ್ಯಾಮಿನೇಷನ್ ಮಾಡಿಸಿದ ಚೀಟಿ

ಎಲ್ಲರಿಗೂ ನಮಸ್ಕಾರ. 'ಡ್ರಗ್ಸ್ ಬಗ್ಗೆ ಮಾತಾಡಿ ಸಾರ್' ಅಂತ ಕರೆದಾಗ, ನಾನು ಡಾಕ್ಟರೂ ಅಲ್ಲ ಪೊಲೀಸೂ ಅಲ್ಲ, ನನಗೇನು ಗೊತ್ತು ಅಂದಿದ್ದೆ. ನಾನು 26 ವರ್ಷ ಮೆಡಿಕಲ್ ಸ್ಟೋರ್ ನಡೆಸಿದವನು. ಬ್ರೌನ್ ಶುಗರ್ ಕಣ್ಣಲ್ಲೂ ನೋಡಿಲ್ಲ. ಆದರೆ ಬಿಲ್ ಬರೆದು, ಕವರಿಗೆ ಹಾಕಿ, ಚಿಲ್ಲರೆ ಸಮೇತ ನಾನೇ ಕೈಗೆ ಕೊಟ್ಟ ಚಟ ಒಂದಿದೆ. ಅದನ್ನೇ ಹೇಳುತ್ತೇನೆ.

ನಮ್ಮ ಅಂಗಡಿಗೆ ಒಬ್ಬರು ಟೀಚರ್ ಬರುತ್ತಿದ್ದರು, ರಿಟೈರ್ ಆದವರು. ಯಜಮಾನರು ಹೋದ ಮೇಲೆ ನಿದ್ದೆ ಬರುತ್ತಿರಲಿಲ್ಲ. ಡಾಕ್ಟರು ನಿದ್ದೆಗೆ ಆಲ್ಪ್ರಾಜೋಲಾಮ್ ಅನ್ನೋ ಮಾತ್ರೆ, ಪಾಯಿಂಟ್ ಟೂ ಫೈವ್ ಮಿಲಿಗ್ರಾಂ ಬರೆದರು. ರಾತ್ರಿ ಒಂದು, ಹತ್ತು ದಿನಕ್ಕೆ. ಡಾಕ್ಟರು ಬರೆದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹನ್ನೊಂದನೇ ದಿನ ಅದೇ ಚೀಟಿ ಹಿಡಿದು ಬಂದರು. ಕೊಟ್ಟೆ. ಪರಿಚಯದವರು, ಮೇಷ್ಟ್ರಮ್ಮ, ಹೇಗೆ ಇಲ್ಲ ಅನ್ನೋದು? ತಿಂಗಳುಗಟ್ಟಲೆ ಮಡಚಿ ಮಡಚಿ ಚೀಟಿ ಹರಿಯೋಕೆ ಶುರುವಾಯಿತು ನೋಡಿ, ಒಂದು ದಿನ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು! ನಾನೂ ನಕ್ಕೆ, ಅವರೂ ನಕ್ಕರು. ಹೀಗೆ ನಾಲ್ಕು ವರ್ಷ. ಪಾಯಿಂಟ್ ಟೂ ಫೈವ್ ಹೋಗಿ ಪಾಯಿಂಟ್ ಫೈವ್ ಆಯಿತು, ಆಮೇಲೆ ಬೆಳಿಗ್ಗೆ ಒಂದು ರಾತ್ರಿ ಒಂದು ಆಯಿತು. ಇದನ್ನೆಲ್ಲ ಡಾಕ್ಟರು ಬರೆದಿರಲಿಲ್ಲ. ಅವರು ಕೇಳಿದರು, ನಾನು ಕೊಟ್ಟೆ.

ಒಂದು ಸಲ ಮಗಳ ಮನೆಗೆ ಪುಣೆಗೆ ಹೋದರು. ಮಾತ್ರೆ ಮರೆತು ಹೋದರು. ಮೊದಲ ರಾತ್ರಿ ನಿದ್ದೆ ಇಲ್ಲ, ಎರಡನೇ ದಿನ ಕೈ ನಡುಕ, ಬೆವರು, ಮೂರನೇ ದಿನ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದರು. ಆಸ್ಪತ್ರೆಯಲ್ಲಿ ಏನು ಮಾತ್ರೆ ತಗೋತಾರೆ ಅಂತ ಕೇಳಿದರೆ ಮಗಳು ಹೇಳಿದ್ದು, 'ಅಮ್ಮ ಏನೂ ತಗೊಳ್ಳಲ್ಲ, ನಿದ್ದೆ ಮಾತ್ರೆ ಅಷ್ಟೇ.'

ಆ 'ಅಷ್ಟೇ' ಇದೆಯಲ್ಲ, ಅಲ್ಲೇ ಇರೋದು ತೊಂದರೆ. ಫಿಟ್ಸ್ ಯಾಕೆ ಬಂತು ಅಂತ ಆಗ ನನಗೂ ತಿಳಿದಿರಲಿಲ್ಲ, ಆಮೇಲೆ ಓದಿಕೊಂಡೆ. ನಮ್ಮ ಮಿದುಳಿನಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ. ಬ್ರೇಕ್ ಇದ್ದ ಹಾಗೆ. ಈ ಜಾತಿಯ ಮಾತ್ರೆಗಳು ಆ ಬ್ರೇಕನ್ನು ಇನ್ನಷ್ಟು ಒತ್ತುತ್ತವೆ. ದಿನಾ ಒತ್ತಿಸಿಕೊಂಡ ಮಿದುಳು, ಒತ್ತೋಕೆ ಬೇರೆ ಯಾರೋ ಇದ್ದಾರಲ್ಲ ಅಂತ ತನ್ನ ಕಾಲನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತದೆ. ಅದಕ್ಕೇ ಅರ್ಧ ಸಾಲದೆ ಒಂದು ಬೇಕಾಗೋದು. ಈಗ ಚಾರ್ಮಾಡಿ ಘಾಟಿ ಇಳಿಯುತ್ತಿರುವ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಆ ಇನ್ನೊಬ್ಬನೂ ಕಾಲು ತೆಗೆದರೆ ಏನಾಗುತ್ತೆ? ಅದೇ ಫಿಟ್ಸ್. ಕುಡಿತ ಒಮ್ಮೆಲೇ ನಿಲ್ಲಿಸಿದವರಿಗೂ ಹೀಗೇ ಆಗೋದುಂಟು. ಮಾತ್ರೆ ಮೇಲೆ ಎಣ್ಣೆಯನ್ನೂ ಹಾಕಿದರೆ ಎರಡೂ ಸೇರಿ ಉಸಿರಾಟವನ್ನೇ ನಿಲ್ಲಿಸಬಹುದು.

ಟೀಚರ್‌ಗೆ ಇದ್ದದ್ದು ಚಟವಾ? ನನ್ನ ಪ್ರಕಾರ ಪೂರ್ತಿ ಅಲ್ಲ. ದೇಹ ಒಗ್ಗಿಹೋಗೋದು ಬೇರೆ, ಚಟ ಬೇರೆ. ಬರೆದಷ್ಟೇ ತಗೊಂಡರೂ ಕೆಲವು ವಾರದಲ್ಲೇ ದೇಹ ಒಗ್ಗಬಹುದು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಮಾತ್ರೆಗೋಸ್ಕರ ಸುಳ್ಳು ಹೇಳೋದು, ಮೂರು ಅಂಗಡಿ ಸುತ್ತೋದು, ಬಿದ್ದು ಪೆಟ್ಟು ಮಾಡಿಕೊಂಡರೂ ಬಿಡದೆ ಇರೋದು, ಅದು ಚಟ. ಒಂದರಿಂದ ಇನ್ನೊಂದಕ್ಕೆ ಜಾರೋದು ಮಾತ್ರ ಸುಲಭ. ವಯಸ್ಸಾದವರಲ್ಲಿ ಇದರ ಜೊತೆಗೆ ಮರೆವು ಬರುತ್ತೆ, ರಾತ್ರಿ ಬಾತ್‌ರೂಮಿಗೆ ಎದ್ದು ಜೋಲಿ ಹೊಡೆದು ಬಿದ್ದು ಸೊಂಟದ ಮೂಳೆ ಮುರಿಯುತ್ತೆ. ನಾವು 'ವಯಸ್ಸಾಯ್ತು' ಅಂದುಕೊಂಡು ಸುಮ್ನೆ ಇರ್ತೀವಿ.

ಕಾನೂನು ಇಲ್ಲ ಅಂತಲ್ಲ. 2014ರ ಮಾರ್ಚ್‌ನಿಂದ ಈ ಮಾತ್ರೆಗಳು ಶೆಡ್ಯೂಲ್ ಎಚ್1 ಅನ್ನೋ ಬಿಗಿ ನಿಯಮದ ಔಷಧಿ ಪಟ್ಟಿಯಲ್ಲಿವೆ. ಸ್ಟ್ರಿಪ್ ಮೇಲೆ ಕೆಂಪು ಚೌಕಟ್ಟು ನೋಡಿರಬಹುದು. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು, ಎಲ್ಲ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ನಾನೂ ಬರೆಯುತ್ತಿದ್ದೆ, ಲ್ಯಾಮಿನೇಷನ್ ಚೀಟಿ ನೋಡಿಕೊಂಡೇ! 2019ರಲ್ಲಿ ಕೇಂದ್ರ ಸರ್ಕಾರದ ಪರವಾಗಿ ಏಮ್ಸ್‌ನವರು ಮಾಡಿದ ಸಮೀಕ್ಷೆಯ ವರದಿ ಬಂತು. ಚಿಕಿತ್ಸೆಗಲ್ಲದೆ ಇಂಥ ಮಾತ್ರೆ ಬಳಸುವವರು ದೇಶದಲ್ಲಿ 1 ಕೋಟಿಗೂ ಜಾಸ್ತಿ ಅಂತ ಅದರಲ್ಲಿದೆ.

ನೋವಿನ ಮಾತ್ರೆಗಳ ಕಥೆ ಇನ್ನೂ ಕೆಟ್ಟದು. ಟ್ರಮಾಡಾಲ್ ಅನ್ನೋ ನೋವಿನ ಮಾತ್ರೆಯನ್ನು 2018ರಲ್ಲಿ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ತಡೆ ಕಾಯ್ದೆಗೆ ಸೇರಿಸಿದರು. ಅದರ ಬದಲಿಗೆ ಹುಡುಗರು ಅದೇ ಜಾತಿಯ ಟಪೆಂಟಡಾಲ್ ಹುಡುಕಿಕೊಂಡು ಬಂದರು. ಪುಡಿ ಮಾಡಿ, ನೀರಲ್ಲಿ ಕಲಸಿ ನರಕ್ಕೆ ಚುಚ್ಚಿಕೊಳ್ಳುತ್ತಾರೆ. ಕೈ ಕೀವಾಗುತ್ತೆ. ಒಂದೇ ಸೂಜಿ ನಾಲ್ಕು ಜನಕ್ಕಾದರೆ ಎಚ್ಐವಿ, ಹೆಪಟೈಟಿಸ್ ಸಿ. ಈ ಚಟಕ್ಕೆ ಔಷಧಿ ಇದೆ, ನಾಲಿಗೆ ಅಡಿ ಇಟ್ಟುಕೊಳ್ಳುವ ಬ್ಯುಪ್ರೆನಾರ್ಫಿನ್. 'ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸ್ತಾರೆ' ಅಂತ ಕೆಲವರು ಆಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸಲ್ಲ. ಡಾಕ್ಟರ ಕೈಕೆಳಗೆ ಅದನ್ನು ತಗೊಂಡು ಸೂಜಿ ಬಿಟ್ಟು, ಬೆಳಿಗ್ಗೆ ಎದ್ದು ಗ್ಯಾರೇಜಿಗೆ ಕೆಲಸಕ್ಕೆ ಹೋಗುವ ಹುಡುಗ ಚಟದಲ್ಲಿದ್ದಾನೆ ಅಂತ ಹೇಗೆ ಹೇಳೋಣ? ಇನ್ನು ಪೊಲೀಸ್ ಕೇಸ್ ಆಗುತ್ತೆ ಅಂತ ಮನೆಯವರು ಮುಚ್ಚಿಡುತ್ತಾರೆ. ಸ್ವಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಸೇರಿ ಪೂರ್ತಿ ಮಾಡಿದರೆ ರಕ್ಷಣೆ ಕೊಡುವ 64ಎ ಕಲಮು ಅದೇ ಕಾಯ್ದೆಯಲ್ಲೇ ಇದೆ.

ಮತ್ತೆ ಟೀಚರ್ ವಿಷಯಕ್ಕೆ ಬರೋಣ. ಊರಿಗೆ ವಾಪಸ್ ಬಂದ ಮೇಲೆ ಮನೋವೈದ್ಯರು ಮಾತ್ರೆ ನಿಲ್ಲಿಸಲಿಲ್ಲ, ಬದಲಾಯಿಸಿದರು. ಆಲ್ಪ್ರಾಜೋಲಾಮ್ ಬೇಗ ಇಳಿದುಹೋಗುತ್ತೆ, ಅದೇ ಜಾತಿಯ ಡಯಾಜೆಪಾಮ್ ದೇಹದಲ್ಲಿ ನಿಧಾನಕ್ಕೆ ಇಳಿಯುತ್ತೆ. ಆಮೇಲೆ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರು. ಜೊತೆಗೆ ನಿದ್ದೆ ಪಾಠ: ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳಬೇಕು, ಮಧ್ಯಾಹ್ನದ ಮೇಲೆ ಕಾಫಿ ಇಲ್ಲ, ನಿದ್ದೆ ಬರದಿದ್ದರೆ ಹೊರಳಾಡದೆ ಎದ್ದು ಕೂರಬೇಕು. ಕಾಫಿ ಬಿಡೋದೇ ಕಷ್ಟ ಆಯ್ತು ಕಣಪ್ಪ ಅಂದಿದ್ದರು. ಎಂಟು ತಿಂಗಳು ಹಿಡಿಯಿತು. ನಡುವೆ ಒಂದು ಸಲ ಅಂಗಡಿಗೆ ಬಂದು ಒಂದೇ ಒಂದು ಸ್ಟ್ರಿಪ್ ಕೊಡು ಅಂದರು, ಕಣ್ಣಲ್ಲಿ ನೀರಿತ್ತು. ನಾನು ಕೊಡಲಿಲ್ಲ. ಮೂರು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ, ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಬರುತ್ತಾ ಅಂತ ವಿಚಾರಿಸಿ. ಫೋನ್ ಮಾಡಬೇಕಾದರೆ 14416, ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಚಟ ಬಿಡಿಸುವ ಸಹಾಯವಾಣಿ 14446. ಒಂದು ಮಾತು ಮಾತ್ರ, ನನ್ನ ಭಾಷಣ ಕೇಳಿ ಇವತ್ತು ರಾತ್ರಿಯೇ ಮಾತ್ರೆ ಎಸೆಯಬೇಡಿ. ಪುಣೆ ಕಥೆ ಹೇಳಿದೆನಲ್ಲ.

ಚಹಾ ಬರೋಕೆ ಇನ್ನೂ ಹತ್ತು ನಿಮಿಷ ಇದೆಯಂತೆ. ಪರ್ಸಿನಲ್ಲಿ ಹಳೇ ಚೀಟಿ ಇಟ್ಟುಕೊಂಡವರು ಇದ್ದರೆ ಹೊರಗೆ ತೆಗೆಯಿರಿ. ತಾರೀಖು ಯಾವುದು ಅಂತ ಮೊದಲು ನೋಡೋಣ.