ಲಂಗರೂ ನೇಗಿಲ ಜಾತಿಯೇ

ಕೇಳುಗರಿಗೆ ನಮಸ್ಕಾರ. ಸಾಗರದ ಕಡೆಯ ಗದ್ದೆಯವನು ಲಂಗರಿನ ಬಗ್ಗೆ ಮಾತಾಡುತ್ತೇನೆ ಅಂದರೆ ನಮ್ಮ ಮನೆಯಲ್ಲೇ ನಗುತ್ತಾರೆ. ಊರಿನ ಹೆಸರು ಸಾಗರ, ಸಮುದ್ರ ಮಾತ್ರ ಘಟ್ಟದ ಕೆಳಗೆ!

ಹೊನ್ನಾವರದಲ್ಲಿ ನನ್ನ ಬಾಮೈದನದ್ದೊಂದು ದೋಣಿ ಇದೆ. ಮರಳಿನಲ್ಲಿ ಅಲುಗದೆ ನಿಲ್ಲುತ್ತಿದ್ದ ಅವನ ಲಂಗರು ಒಂದು ರಾತ್ರಿ ಶರಾವತಿ ಅಳಿವೆಯ ಕೆಸರಲ್ಲಿ ಜಾರಿತು. ಬೆಳಿಗ್ಗೆ ನೋಡಿದರೆ ದೋಣಿ ಪಕ್ಕದ ದೋಣಿಗೆ ಒರಗಿಕೊಂಡಿದೆ. "ಭಾವ, ಇನ್ನೂ ಭಾರದ್ದು ತರಬೇಕು" ಅಂದ. ನನ್ನ ಕಣ್ಣು ಹೋಗಿದ್ದು ತಳಕ್ಕೆ ನಾಟುವ ಅಲಗಿನ ಓರೆಯ ಮೇಲೆ. ನೇಗಿಲು ಹಿಡಿದ ಕೈ, ಅಲ್ವಾ?

ನೊಗಕ್ಕೆ ಈಸು, ಅಂದರೆ ನೇಗಿಲಿನ ಉದ್ದನೆಯ ಮರ, ಕಟ್ಟುವ ಜಾಗ ಸ್ವಲ್ಪ ಆಚೀಚೆ ಮಾಡಿದರೆ ಮಣ್ಣು ಸೀಳುವ ಕಬ್ಬಿಣದ ಗುಳ ಇಳಿಯುವ ಆಳವೇ ಬದಲಾಗುತ್ತದೆ. ಲಂಗರಿನಲ್ಲಿ ಹಗ್ಗ ಕಟ್ಟುವ ದಂಡಕ್ಕೂ ಅಲಗಿಗೂ ನಡುವಿನ ಕೋನ ಇದೇ ಕೆಲಸ ಮಾಡುತ್ತದೆ. ಮರಳಿಗೆ ಸುಮಾರು 30 ಡಿಗ್ರಿ ಸರಿ. ಅದಕ್ಕಿಂತ ಜಾಸ್ತಿ ತೆರೆದರೆ ಗಟ್ಟಿ ಮರಳಿಗೆ ಮೊನೆ ಇಳಿಯುವುದೇ ಇಲ್ಲ, ಮೇಲೆ ಮೇಲೆ ಕೆರೆಯುತ್ತಾ ಹೋಗುತ್ತದೆ. ಮೆತ್ತನೆ ಕೆಸರಿನ ಕಥೆ ಬೇರೆ. ಅಲ್ಲಿ ಇಳಿಯುವುದು ಸುಲಭ, ಹಿಡಿಯುವುದು ಕಷ್ಟ. ಮೇಲಿನ ಕೆಸರಿಗೆ ಕಸುವಿಲ್ಲ, ಆಳಕ್ಕೆ ಹೋದಷ್ಟೂ ಬಿಗಿ. ಕೋನ 45ರಿಂದ 50 ಡಿಗ್ರಿ ಇದ್ದರೆ ಎಳೆದಷ್ಟೂ ಅಲಗು ಕೆಳಗೆ ಕೊರೆಯುತ್ತದೆ. ಆದರೂ ಅಷ್ಟೇ ಭಾರದ ಲಂಗರು ಮರಳಲ್ಲಿ ಹಿಡಿದಷ್ಟು ಕೆಸರಲ್ಲಿ ಹಿಡಿಯದು. ಬಂಡೆಯ ಮೇಲಂತೂ ಕೋನದ ಲೆಕ್ಕವೇ ಇಲ್ಲ, ಸಂದಿಗೆ ಸಿಕ್ಕಿದರೆ ಉಂಟು.

ನೇಗಿಲಿನ ಮಾತು ನಾನು ಸುಮ್ನೆ ತರಲಿಲ್ಲ. ಇಂಗ್ಲೆಂಡಿನ ಜೆಫ್ರಿ ಟೇಲರ್ ದೊಡ್ಡ ಗಣಿತಜ್ಞ, ಹಾಯಿದೋಣಿಯ ಹುಚ್ಚಿನವರು. ಅವರು 1933ರಲ್ಲಿ ನೇಗಿಲಿನ ಆಕಾರದ್ದೇ ಒಂದು ಲಂಗರು ಮಾಡಿದರು. ಭಾರ ಕಮ್ಮಿ, ಹಿಡಿತ ಜಾಸ್ತಿ. ನಮ್ಮ ನೇಗಿಲು ಸಾಗಬೇಕು, ಅವರದ್ದು ಸಾಗಬಾರದು, ಅಷ್ಟೇ ವ್ಯತ್ಯಾಸ.

ಕೋನ ಸರಿಯಿದ್ದೂ ಹಗ್ಗದಲ್ಲಿ ಜಿಪುಣತನ ಮಾಡಿದರೆ ಕೆಟ್ಟಿತು. ಎಳೆತ ತಳದ ಉದ್ದಕ್ಕೆ ಇರಬೇಕು. ಹಗ್ಗ ಗಿಡ್ಡವಾದರೆ ದಂಡ ಮೇಲೆದ್ದು, ಮೊನೆ ಕಿತ್ತು ಬರುತ್ತದೆ. ಆಳದ 5ರಿಂದ 7 ಪಟ್ಟು ಬಿಡಬೇಕು. 10 ಮೀಟರ್ ನೀರಿಗೆ 70 ಮೀಟರ್ ಅಂದಾಗ ಬಾಮೈದ ನನ್ನ ಮುಖ ನೋಡಿದ. ಲಂಗರಿನ ಹತ್ತಿರ ಒಂದಷ್ಟು ಸರಪಳಿಯನ್ನೂ ಹಾಕಿಸಿದೆವು. ಅದರ ಭಾರಕ್ಕೆ ದಂಡ ತಳದಲ್ಲೇ ಮಲಗಿರುತ್ತದೆ.

ಈಗ ಅವನ ಹತ್ತಿರ ಎರಡು ಲಂಗರು ಇವೆ. ಹೊಸ ಜಾಗಕ್ಕೆ ಹೋದರೆ ಮೊದಲು ಸೀಸದ ಗುಂಡಿನ ಅಡಿಗೆ ಗ್ರೀಸ್ ಬಳಿದು, ದಾರ ಕಟ್ಟಿ ನೀರಿಗೆ ಬಿಡುತ್ತಾನೆ. ಮೇಲೆ ಎಳೆದು, ಅಂಟಿ ಬಂದದ್ದನ್ನು ಬೆರಳಲ್ಲಿ ಉಜ್ಜಿ ನೋಡುತ್ತಾನೆ. ಆಮೇಲೆಯೇ ಯಾವ ಲಂಗರು ಅಂತ ತೀರ್ಮಾನ.